ಜಾತಿ ಕೇಳದ ಯಂತ್ರ

ಯಂತ್ರಕ್ಕೆ ಜಾತಿ ಇಲ್ಲ ಅಂತಾರೆ. ನಾವು ನಂಬೋದಿಲ್ಲ.

2021ರ ಮೇ ತಿಂಗಳಲ್ಲಿ 18–44 ವಯಸ್ಸಿನವರಿಗೆ ಕೋವಿಡ್ ಲಸಿಕೆ ಬೇಕೆಂದರೆ ಮೊದಲು ಕೋವಿನ್ ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು ಎಂದಿತು ಕೇಂದ್ರ ಸರ್ಕಾರ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷು. ಕನ್ನಡ ಬಂದದ್ದು ಜೂನ್‌ನಲ್ಲಿ. ಶೀಳನೆರೆ ಹೋಬಳಿಯ ಕೇರಿಗಳಲ್ಲಿ ಕೂಲಿನಾಲಿ ಮಾಡೋರ ಜಾತಿಯನ್ನು ಅದು ಕೇಳಲಿಲ್ಲ, ನಿಜ. ಫೋನು ಕೇಳಿತು, ಓಟಿಪಿ ಕೇಳಿತು, ಇಂಗ್ಲಿಷು ಕೇಳಿತು. ಇವೆಲ್ಲ ಯಾರ ಮನೆಯ ಆಸ್ತಿ? ಸುಪ್ರೀಂ ಕೋರ್ಟೂ ಮೇ 31ರಂದು ಈ ಡಿಜಿಟಲ್ ಕಂದಕದ ಪ್ರಶ್ನೆ ಎತ್ತಿತು. ನಿಯಮ ಸಡಿಲವಾಯಿತು. ಆ ಬುದ್ಧಿ ಉಳಿದಿದೆ.

ಅಮೆರಿಕದ ಆಸ್ಪತ್ರೆಗಳಲ್ಲಿ ಯಾರಿಗೆ ಹೆಚ್ಚು ಆರೈಕೆ ಬೇಕೆಂದು ಹೇಳುವ ಒಂದು ಗಣಕಲೆಕ್ಕವಿತ್ತು. ಅದೂ ಜನಾಂಗ ಕೇಳಿರಲಿಲ್ಲ. ಚಿಕಿತ್ಸೆಗಾದ ಖರ್ಚನ್ನೇ ರೋಗದ ಅಳತೆ ಮಾಡಿಕೊಂಡಿತ್ತು. ಕಪ್ಪು ಜನರಿಗೆ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ರೋಗವೂ ಕಡಿಮೆ ಎಂದು ಎಣಿಸಿತು. 2019ರಲ್ಲಿ ಸಂಶೋಧಕರು ಇದನ್ನು ಬಯಲು ಮಾಡಿದರು.

ಅದೇ ಲೆಕ್ಕ ನಾಳೆ ಇಲ್ಲಿಗೆ ಬಂದರೆ? ದುಡ್ಡಿಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತದ ನಮ್ಮವ್ವಂದಿರೆಲ್ಲ ಆರೋಗ್ಯವಂತರು!

ನಾವು ಯಂತ್ರ ಬೇಡ ಅನ್ನುತ್ತಿಲ್ಲ. ಫೋನಿಲ್ಲದವರಿಗೂ ಆಸ್ಪತ್ರೆಯಲ್ಲಿ ಚೀಟಿ ಸಿಗಲಿ. ಯಂತ್ರ ಯಾರನ್ನು ಹೊರಗೆ ನಿಲ್ಲಿಸಿತು ಅನ್ನೋ ಲೆಕ್ಕವನ್ನು ಜಾತಿವಾರು ಬರೆದು ಊರ ಮುಂದೆ ಇಡಿ.