ಪೋಮ್ ಕಡತದ ಶಿಸ್ತು

ಕಲಬುರಗಿಯ ಕನ್ನಡಿಗರನ್ನೂ ಹತ್ತಿಸಿಕೊಂಡು ಬರುವ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ತನ್ನ ಯಾತ್ರೆಯನ್ನು ಮುಗಿಸುವ ನಾಂಪಲ್ಲಿಯಲ್ಲಿಳಿದು, ಮೆಟ್ರೋ ಹಿಡಿದು, ಅಮೀರ್‌ಪೇಟೆಯಲ್ಲಿ ಬದಲಿಸಿ, ಹೈಟೆಕ್ ಸಿಟಿಯ ಕಚೇರಿಗಳನ್ನು ಸೇರುವ ತರುಣರಲ್ಲಿ ಜಾವಾ ಬಲ್ಲವರಿಗೆ ಅತಿಪರಿಚಿತವೂ, ಆ ಪರಿಚಯಾಧಿಕ್ಯದಿಂದಲೇ ಅನಾದೃತವೂ ಆದ ಕೃತಿಯೊಂದುಂಟು. ಅದು ಮೇವನ್ ಎಂಬ ಬಿಲ್ಡ್ ಸಾಧನವು ಓದುವ ಪೋಮ್ ಕಡತ. 2004ರಲ್ಲಿ ಅಪಾಚೆಯ ಆಶ್ರಯದಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಈ ಸಾಧನಕ್ಕೆ, ನಮಗೆ ಬೇಕಾದ ಲೈಬ್ರರಿಯ ಗುಂಪು, ನಾಮ, ಆವೃತ್ತಿಗಳನ್ನು ಆ ಕಡತದಲ್ಲಿ ನಿವೇದಿಸಿದರೆ ಸಾಕು. ಆ ಲೈಬ್ರರಿಯು ಆಶ್ರಯಿಸಿದವನ್ನೂ, ಅವು ಆಶ್ರಯಿಸಿದವನ್ನೂ ಮದುವೆಯ ದಿಬ್ಬಣದಂತೆ ಮೇವನ್ ತಾನೇ ಕರೆತರುವುದು. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಲ್ಲಿ, ಹಳತೇ ಆಗಿರಲಿ, ಮೂಲ ಯೋಜನೆಗೆ ಸಮೀಪವಾದುದನ್ನು ವರಿಸುವ ಅದರ ನ್ಯಾಯ ನನಗೆ ಅಷ್ಟಾಗಿ ರುಚಿಸದು. ಹೊಸತನ್ನಾರಿಸುವ ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಸಾಧನ ಈ ಒಂದಂಶದಲ್ಲಿ ಮೇಲು. ಆದರೆ ಟಾಮ್‌ಕ್ಯಾಟ್ ಸರ್ವರ್ ಒದಗಿಸಲಿರುವ ಸರ್ವ್‌ಲೆಟ್ ಲೈಬ್ರರಿಯನ್ನು ‘ಪ್ರೊವೈಡೆಡ್’ ಎಂದು ಗುರುತಿಸಿ, ಕ್ಲೌಡಿಗೆ ಕಳುಹುವ ವಾರ್ ಕಡತದಲ್ಲಿ ತುಂಬದಿರುವ ಮಿತವ್ಯಯವು ಎಷ್ಟು ಸ್ತುತಿಗೂ ಅರ್ಹವಾದುದು. ದಿಬ್ಬಣದೊಡನೆ ಅನಪೇಕ್ಷಿತರೂ ಬರುವುದುಂಟು: 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲಾಗಿಂಗ್ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ, ಆ ಲೈಬ್ರರಿಯನ್ನು ತಾವು ಕರೆದೇ ಇಲ್ಲವೆಂದು ತಂಡಗಳು ನಂಬಿದ್ದ ಎಷ್ಟೋ ಅಪ್ಲಿಕೇಷನ್‌ಗಳಲ್ಲಿ ಅದು ಪರೋಕ್ಷವಾಗಿ ಬಂದು ಕುಳಿತಿತ್ತು. ಆದುದರಿಂದ ವೃತ್ತಿಬಾಂಧವರು ಮುಂದಿನ ಬಿಡುಗಡೆಗೆ ಮುನ್ನ, ಹೀಗೆ ಬಂದವರೆಲ್ಲರನ್ನೂ ತೋರುವ ಡಿಪೆಂಡೆನ್ಸಿ ಟ್ರೀಯನ್ನು ಒಮ್ಮೆ ಮುದ್ರಿಸಿಕೊಂಡು ಸಾವಧಾನವಾಗಿ ಓದಬೇಕೆಂದು ನನ್ನ ವಿಜ್ಞಾಪನೆ.