ಹನ್ನೊಂದು ತಿಂಗಳ ಕರಾರು

ಬೆಂಗಳೂರಿನ ಯಾವ ಉಪನೋಂದಣಿ ಕಚೇರಿಯ ಎದುರಿಗೆ ಹೋದರೂ, ಅಲ್ಲಿನ ಬೆರಳಚ್ಚಿನ ಅಂಗಡಿಯಲ್ಲಿ ಅರ್ಧ ಗಂಟೆಯೊಳಗೆ ಸಿದ್ಧವಾಗಿ ಕೈಗೆ ಬರುವ ಬರಹವೊಂದುಂಟು. ಒಂದು ಇ-ಸ್ಟಾಂಪ್ ಕಾಗದ, ಅದಕ್ಕೆ ಸೇರಿಸಿದ ಎರಡು ಮೂರು ಹಾಳೆಗಳು, ಮೊದಲಲ್ಲಿ ಮಾಲೀಕನ ಮತ್ತು ಬಾಡಿಗೆದಾರನ ಹೆಸರು ವಿಳಾಸ, ನಡುವೆ ಬಾಡಿಗೆ ಅಡ್ವಾನ್ಸುಗಳ ಮೊತ್ತ ಮತ್ತು ಷರತ್ತುಗಳು, ಕೊನೆಗೆ ಷೆಡ್ಯೂಲು, ಅದರ ಕೆಳಗೆ ಇಬ್ಬರು ಸಾಕ್ಷಿಗಳ ರುಜು: ಇಷ್ಟೇ ಅದರ ಅಂಗರಚನೆ. ಕಾವ್ಯವನ್ನೂ ಕಾದಂಬರಿಯನ್ನೂ ಪಂಕ್ತಿ ಪಂಕ್ತಿಯಾಗಿ ತೂಗಿನೋಡುವ ನಾವು, ಬಾಳಿನ ಬಹುಭಾಗದ ಸಂಪಾದನೆಯನ್ನು ಕಾಯುವ ಹೊಣೆ ಹೊತ್ತಿರುವ ಈ ಬರಹವನ್ನು ಒಮ್ಮೆಯಾದರೂ ಪೂರ್ತಿಯಾಗಿ ಓದಿ, ಇದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಹೇಳಿದ್ದನ್ನು ನಡೆಸಿಕೊಡುವ ಶಕ್ತಿ ಇದಕ್ಕೆ ಎಷ್ಟುಂಟು ಎಂದು ಪರಾಮರ್ಶಿಸುವುದಿಲ್ಲ. ವಿಜಯನಗರದಲ್ಲಿ ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟು ಒಂಬತ್ತು ವರ್ಷ ಪರದೇಶದಲ್ಲಿದ್ದ ನಾನೂ ಪರಾಮರ್ಶಿಸಲಿಲ್ಲ. ಆ ಲೋಪದ ಫಲವನ್ನು ಉಂಡ ಮೇಲೆ, ಈ ಕರಾರನ್ನೂ ಅದರ ಸುತ್ತ ಬೆಳೆದಿರುವ ವ್ಯವಸ್ಥೆಯನ್ನೂ ಒಂದು ಕೃತಿಯನ್ನು ಓದುವ ಗಾಂಭೀರ್ಯದಿಂದಲೇ ಓದಬೇಕೆಂದು ನನಗೆ ತೋರಿತು.

ಅವಧಿ ಹನ್ನೊಂದೇ ತಿಂಗಳೇಕೆ ಎಂಬುದು ಮೊದಲು ಏಳುವ ಪ್ರಶ್ನೆ. 1908ರ ನೋಂದಣಿ ಕಾಯಿದೆಯ 17ನೆಯ ಪ್ರಕರಣವು ಒಂದು ವರ್ಷವನ್ನು ಮೀರಿದ ಗುತ್ತಿಗೆಗಳನ್ನು ನೋಂದಾಯಿಸತಕ್ಕದ್ದೆಂದು ವಿಧಿಸುತ್ತದೆ. ಅವಧಿಯನ್ನು ವರ್ಷದೊಳಗೆ ಇಟ್ಟುಕೊಂಡರೆ ಆ ಖರ್ಚೂ ಆ ಓಡಾಟವೂ ತಪ್ಪುತ್ತವೆ. ಆದರೆ ಹನ್ನೊಂದರ ಮೇಲಿನ ಈ ಶ್ರದ್ಧೆಗೆ ಮಿತವ್ಯಯವೊಂದೇ ಕಾರಣವಲ್ಲ. ಅದರ ಬೇರು ಭಯದಲ್ಲಿದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಮನೆ ಖಾಲಿಯಾದರೆ ಕಂಟ್ರೋಲರಿಗೆ ತಿಳಿಸಬೇಕಾಗಿದ್ದಿತು. ಅದನ್ನು ಯಾರಿಗೆ ಕೊಡತಕ್ಕದ್ದೆಂದು ಅವರು ಗೊತ್ತುಮಾಡಬಹುದಾಗಿದ್ದಿತು. ಒಮ್ಮೆ ಒಳಗೆ ಬಂದವನನ್ನು ಹೊರಡಿಸಬೇಕಾದರೆ ಕಾಯಿದೆ ಎಣಿಸಿಕೊಟ್ಟ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದ ಮುಂದೆ ಸ್ಥಾಪಿಸಬೇಕಾಗಿದ್ದಿತು. ಆ ಕಷ್ಟವನ್ನು ಕಂಡ ತಂದೆಯರು ಮಕ್ಕಳಿಗೆ ಬಿಟ್ಟುಹೋದ ಎಚ್ಚರಿಕೆಯೇ ಇಂದಿಗೂ ಕರಾರುಪತ್ರದ ಅವಧಿಯನ್ನು ನಿರ್ಣಯಿಸುತ್ತಿದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಯನ್ನು ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ಎಲ್ಲೆಯಿಂದ ಹೊರಗಿಟ್ಟ ಮೇಲೆ, ಇಂದಿನ ಬಾಡಿಗೆ ಮನೆಗಳಲ್ಲಿ ಬಹುಪಾಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಆಡಳಿತಕ್ಕೆ ಒಳಪಟ್ಟವು. ಕಾಯಿದೆ ಬದಲಾಯಿತು, ಭಯ ಮಾತ್ರ ಬದಲಾಗಲಿಲ್ಲ. ಹನ್ನೆರಡು ವರ್ಷ ಬಿಟ್ಟರೆ ಬಾಡಿಗೆಯವನೇ ಮನೆಯ ಒಡೆಯನಾಗುತ್ತಾನೆ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳಿದ್ದೇನೆ. ಬಾಡಿಗೆದಾರನಾಗಿ ಒಳಗೆ ಬಂದವನು ಆ ಸಂಬಂಧ ಇರುವವರೆಗೆ ಮಾಲೀಕನ ಹಕ್ಕನ್ನು ಅಲ್ಲಗಳೆಯಲಾರನೆಂದು 1872ರ ಸಾಕ್ಷ್ಯ ಕಾಯಿದೆ ಅಷ್ಟು ಹಿಂದೆಯೇ ಹೇಳಿದ್ದಿತು.

ಹೀಗೆ ಭಯದಿಂದ ಹುಟ್ಟಿದ ಬರಹದಲ್ಲಿ ಗುಣವೇ ಇಲ್ಲವೆಂದು ಹೇಳಲಾಗದು. ಊರಿನಲ್ಲಿಯೇ ಇರುವ ಮಾಲೀಕನಿಗೆ, ಮೇಲೆ ತಾನಿದ್ದು ಕೆಳಗಿನ ಮನೆಯನ್ನು ಕೊಟ್ಟಿರುವವನಿಗೆ, ಅದು ಸಾಕಾಗುತ್ತದೆ. ಏಕೆಂದರೆ ಕಾಗದ ಹೇಳದೆ ಬಿಟ್ಟುದನ್ನೆಲ್ಲ ಬೆಳಗ್ಗೆ ಸಂಜೆ ಮುಖ ನೋಡಿ ಆಡುವ ಮಾತು ತುಂಬಿಕೊಡುತ್ತದೆ. ತಿಂಗಳ ಬಾಡಿಗೆಯ ಸಂಬಂಧವನ್ನು ಮುಗಿಸಲು ಹದಿನೈದು ದಿನಗಳ ನೋಟೀಸು ಸಾಕೆಂದು 1882ರ ಕಾಯಿದೆಯ 106ನೆಯ ಪ್ರಕರಣ ಹೇಳುತ್ತದೆ. ಆ ನೋಟೀಸಿನಲ್ಲಿ ಒಂದೆರಡು ದಿನ ಕೊರೆಬಿದ್ದರೂ, ದಾವೆ ಹೂಡುವ ವೇಳೆಗೆ ಹದಿನೈದು ದಿನ ಕಳೆದಿದ್ದರೆ ಅದು ಅಸಿಂಧುವಲ್ಲವೆಂದು 2002ರ ತಿದ್ದುಪಡಿ ಸ್ಪಷ್ಟಪಡಿಸಿತು. ಇದು ಮಾಲೀಕನಿಗೆ ಅನುಕೂಲವಾದ ವಿಧಿಯೇ ಸರಿ. ಆದರೆ ಸಮುದ್ರದಾಚೆ ಇರುವವನ ಕೈಯಲ್ಲಿ ಅದೇ ಕಾಗದ ಬೇರೆಯೇ ಆಗಿಬಿಡುತ್ತದೆ. ಅವಧಿ ತೀರಿದ ಮೇಲೂ ಮಾಲೀಕನು ಬಾಡಿಗೆಯನ್ನು ಸ್ವೀಕರಿಸುತ್ತ ಹೋದರೆ ಗುತ್ತಿಗೆ ತಿಂಗಳಿಂದ ತಿಂಗಳಿಗೆ ನವೀಕೃತವಾಯಿತೆಂದು 116ನೆಯ ಪ್ರಕರಣ ಭಾವಿಸುತ್ತದೆ. ಪರದೇಶವಾಸಿಯ ಎನ್‌ಆರ್‌ಒ ಖಾತೆಗೆ ಹಣ ತಾನಾಗಿ ಬಂದು ಬೀಳುತ್ತಿರುತ್ತದೆ, ಅವನು ಅದನ್ನು ಸ್ವೀಕರಿಸಿದೆನೆಂದೂ ಎಣಿಸಿರುವುದಿಲ್ಲ, ನಿರಾಕರಿಸುವ ಯೋಚನೆಯೂ ಅವನಿಗೆ ಬಂದಿರುವುದಿಲ್ಲ. 'ಅವಧಿ ಮುಗಿದೊಡನೆ ಖಾಲಿ ಮಾಡತಕ್ಕದ್ದು' ಎಂಬ ವಾಕ್ಯವು ಎಷ್ಟು ದಪ್ಪ ಅಕ್ಷರದಲ್ಲಿದ್ದರೂ ಒಬ್ಬ ಮನುಷ್ಯನನ್ನೂ ಹೊಸ್ತಿಲು ದಾಟಿಸಲಾರದು. ಅದಕ್ಕೆ ನ್ಯಾಯಾಲಯದ ಡಿಕ್ರಿ ಬೇಕು. ಡಿಕ್ರಿಗೆ ಕಾಯದೆ ಬೀಗ ಹಾಕಿಸಿದ ಮಾಲೀಕನ ಮೇಲೆ, ಆರು ತಿಂಗಳೊಳಗೆ ದಾವೆ ಹೂಡಿ ಬಾಡಿಗೆದಾರನು ಮತ್ತೆ ಸ್ವಾಧೀನ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಹೇಳುತ್ತದೆ. ಅದು ನ್ಯಾಯವಾದ ಮಾತೆಂದೇ ನಾನು ಭಾವಿಸುತ್ತೇನೆ.

ಇನ್ನು ಬಾಡಿಗೆದಾರರ ವಿಷಯ. ದೂರದಲ್ಲಿರುವ ಮಾಲೀಕರು ಒಂದೆಡೆ ಸೇರಿದಾಗ ಬಾಡಿಗೆದಾರರನ್ನು ಕುರಿತು ಆಡುವ ಮಾತುಗಳಲ್ಲಿ ಕಹಿಯೇ ಹೆಚ್ಚು. ಕೊನೆಯ ಐದಾರು ತಿಂಗಳು ಬಾಡಿಗೆ ಕೊಡದೆ 'ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ' ಎಂದುಬಿಟ್ಟರು ಎಂಬುದು ಅವುಗಳಲ್ಲಿ ಸಾಮಾನ್ಯವಾದ ದೂರು. ಆದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವ ರೂಢಿಯನ್ನು ಬೆಂಗಳೂರಿನಲ್ಲಿ ಬೆಳೆಸಿದವರು ಮಾಲೀಕರೇ. ಅಷ್ಟು ದೊಡ್ಡ ಮೊತ್ತವನ್ನು ತಾನೆಂದೂ ನೋಡದ, ಫೋನಿನಲ್ಲಿಯೂ ಸಿಕ್ಕದ ಒಬ್ಬ ಒಡೆಯನ ಹೆಸರಿಗೆ ಕೊಟ್ಟವನು, ಹೊರಡುವ ದಿನ ಅದು ತಿರುಗಿ ಬಂದೀತೆಂಬ ಭರವಸೆಯನ್ನು ಯಾರಿಂದ ಪಡೆಯಬೇಕು? ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುವರೆಂಬುದು ಅವನಿಗೆ ಮೊದಲೇ ಗೊತ್ತು. ಮಿಕ್ಕದ್ದನ್ನು ಯಾವ ನೆಪದಲ್ಲಿ ಹಿಡಿಯುವರೋ ಗೊತ್ತಿಲ್ಲ. ಅವನು ತನ್ನ ಹಣವನ್ನು ತಾನಿದ್ದು ತೀರಿಸಿಕೊಳ್ಳುತ್ತಾನೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿ ಅಡ್ವಾನ್ಸು ಪಡೆಯಕೂಡದೆಂದಿತು. ಮಾದರಿ ಕಾಯಿದೆಗೆ ರಾಜ್ಯವು ತನ್ನದನ್ನಾಗಿ ಮಾಡಿಕೊಂಡಲ್ಲದೆ ಬಲವಿಲ್ಲ. ಆದರೂ ಅದರ ಹಿಂದಿನ ವಿವೇಕವನ್ನು ಮಾಲೀಕನು ತಾನಾಗಿ ಸ್ವೀಕರಿಸಲು ಯಾವ ಅಡ್ಡಿಯೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅನ್ಯಾಯವೊಂದುಂಟು. ಮಾಲೀಕನು ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಅಲ್ಪವಾಗಿರಲಿ, ಕೊಡುವವನೇ ಅದರಲ್ಲಿ ತೆರಿಗೆಯನ್ನು ಮುರಿದು ಸರ್ಕಾರಕ್ಕೆ ಕಟ್ಟತಕ್ಕದ್ದೆಂದು 1961ರ ಆದಾಯ ತೆರಿಗೆ ಕಾಯಿದೆಯ 195ನೆಯ ಪ್ರಕರಣ ವಿಧಿಸಿತು; ದರ ಶೇಕಡಾ 30, ಅದರ ಮೇಲೆ ಸೆಸ್ಸು. ಟ್ಯಾನ್ ಸಂಖ್ಯೆ ಪಡೆಯುವ, ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಭಾರವೆಲ್ಲ ಅದರೊಡನೆ ಬಾಡಿಗೆದಾರನ ಹೆಗಲಿಗೆ ಬೀಳುತ್ತದೆ. ಒಬ್ಬ ಶಾಲಾಮಾಸ್ತರರೋ ಒಬ್ಬ ಅಂಗಡಿಯವರೋ ಮನೆ ನೋಡಿ ಒಪ್ಪಿ ರುಜು ಹಾಕುವಾಗ ಈ ಮಾತನ್ನು ಅವರ ಕಿವಿಯ ಮೇಲೆ ಹಾಕುವವರು ಯಾರು? ನಾನು ಓದಿದ ಕರಾರುಗಳಲ್ಲಿ ಒಂದರಲ್ಲಿಯೂ ಇದರ ಪ್ರಸ್ತಾಪವಿರಲಿಲ್ಲ. ನನ್ನದೇ ಕರಾರಿನಲ್ಲಿ ಮಾಲೀಕನ ವಿಳಾಸವೆಂದು ವಿಜಯನಗರದ ಅದೇ ಮನೆಯ ಸಂಖ್ಯೆಯನ್ನು ಬರೆಯಲಾಗಿದ್ದಿತು. ನಾನು ಪರದೇಶದಲ್ಲಿದ್ದೇನೆಂಬ ಒಂದು ಸಂಗತಿಯನ್ನೇ ಆ ಬರಹ ಮುಚ್ಚಿಟ್ಟಿದ್ದಿತು.

ಮುಚ್ಚಿಟ್ಟವನು ಮಧ್ಯವರ್ತಿ. ಈ ವಿಮರ್ಶೆಯ ತಿರುಳಿಗೆ ಈಗ ಬಂದೆವು. ಏಕೆಂದರೆ ಹನ್ನೊಂದು ತಿಂಗಳ ಕರಾರಿನ ಪರಮದೋಷವೆಂದರೆ, ಎರಡು ಪಕ್ಷಗಳ ಹೆಸರನ್ನು ಹೇಳಿ ವ್ಯವಹಾರವನ್ನೆಲ್ಲ ನಡೆಸುವ ಮೂರನೆಯವನ ಹೆಸರನ್ನು ಹೇಳದಿರುವುದು. ಹಿಂದೆ ಬಡಾವಣೆಗೊಬ್ಬ ಬ್ರೋಕರ್ ಇರುತ್ತಿದ್ದ. ಟು-ಲೆಟ್ ಬೋರ್ಡು ಕಂಡೊಡನೆ ಬಂದು, ನಾಲ್ಕು ಮಂದಿಯನ್ನು ಕರೆತಂದು ಮನೆ ತೋರಿಸಿ, ಕುದುರಿದರೆ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ನಾಗಿ ಪಡೆದು ಹೊರಟುಹೋಗುತ್ತಿದ್ದ. ಅವನ ಲೋಭಕ್ಕೂ ಅಷ್ಟೇ ಎಲ್ಲೆ. ಈಗ ಆ ಸ್ಥಾನದಲ್ಲಿ ಮನೆಯ ನಿರ್ವಹಣೆಯನ್ನೇ ವಹಿಸಿಕೊಳ್ಳುವ ಸಂಸ್ಥೆಗಳು ಬಂದಿವೆ. ಇವರಲ್ಲಿ ಪ್ರಾಮಾಣಿಕರು ಇದ್ದಾರೆ. ಆದರೆ ಇವರನ್ನು ಪರೀಕ್ಷಿಸಿ ಪರವಾನಗಿ ಕೊಡುವ ಅಧಿಕಾರಿ ಯಾರು ಎಂದು ಹುಡುಕಿದರೆ ಯಾರೂ ಕಾಣಿಸುವುದಿಲ್ಲ. 2016ರ ರೇರಾ ಕಾಯಿದೆ ಏಜೆಂಟರನ್ನು ನೋಂದಾಯಿಸಬೇಕೆಂದರೂ, ಅದರ ಕಣ್ಣಿಗೆ ಏಜೆಂಟನೆಂದರೆ ಮಾರಾಟಕ್ಕೆ ಮಧ್ಯಸ್ಥನಾದವನು. ಬಾಡಿಗೆಯ ಏಜೆಂಟನು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮನೆಯ ನಿರ್ವಾಹಕನಿಗೆ ಯಾವ ಯಾವ ಕೆಲಸಕ್ಕೆ ಅಧಿಕಾರವಿದೆ ಎಂಬುದನ್ನು ಬಾಡಿಗೆದಾರನಿಗೆ ತಿಳಿಸತಕ್ಕದ್ದೆಂದು ಮೇಲೆ ಹೇಳಿದ ಮಾದರಿ ಕಾಯಿದೆಯೇ ಹೇಳಿತು. ಅದರಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗ ಅದೇ.

ಇಂಥ ಸಂಸ್ಥೆಗೆ ಪರದೇಶವಾಸಿಯು ಕೊಡುವ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಸಾಮಾನ್ಯ ಅಧಿಕಾರಪತ್ರ, ಕರಾರಿನ ಜೊತೆಗೆ ಓದಬೇಕಾದ ಇನ್ನೊಂದು ಬರಹ. ರಾಯಭಾರ ಕಚೇರಿಯಲ್ಲಿ ರುಜು ಮಾಡಿ ಕಳುಹಿಸಿದ ಅದಕ್ಕೆ, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪು ಸುಂಕ ಸಲ್ಲಬೇಕು. ಆ ವಿಧಿಯನ್ನು ಎಲ್ಲರೂ ಎಚ್ಚರದಿಂದ ಪಾಲಿಸುತ್ತಾರೆ. ಒಳಗೆ ಬರೆದಿರುವುದನ್ನು ಮಾತ್ರ ಓದುವುದಿಲ್ಲ. ಬಾಡಿಗೆಗೆ ಕೊಡಲು, ಗುತ್ತಿಗೆಗೆ ಕೊಡಲು, ಹಣ ಪಡೆಯಲು, ರಸೀತಿ ಕೊಡಲು, 'ಮತ್ತು ನಾನು ಖುದ್ದಾಗಿ ಮಾಡಬಹುದಾದ ಸಮಸ್ತ ಕಾರ್ಯಗಳನ್ನೂ ಮಾಡಲು' ಎಂದು ಅದು ನಿರರ್ಗಳವಾಗಿ ಹರಿಯುತ್ತದೆ. ಏಜೆಂಟನು ಅಧಿಕಾರ ಮೀರಿ ಮಾಡಿದ ಕೆಲಸವೂ ಅಧಿಕಾರದೊಳಗಿನದೆಂದು ಹೊರಗಿನವರು ನಂಬುವಂತೆ ಒಡೆಯನು ನಡೆದುಕೊಂಡಿದ್ದರೆ ಅದು ಅವನನ್ನು ಬಂಧಿಸುತ್ತದೆಂದು 1872ರ ಕರಾರು ಕಾಯಿದೆಯ 237ನೆಯ ಪ್ರಕರಣ ಹೇಳುತ್ತದೆ. ಇಷ್ಟು ಉದಾರವಾದ ಪತ್ರ ಹೊರಗಿನವರಿಗೆ ಅಂಥ ನಂಬಿಕೆಯನ್ನು ಹುಟ್ಟಿಸದೆ ಬಿಡುವುದಿಲ್ಲ. ಅಷ್ಟೆಲ್ಲ ಕೊಟ್ಟರೂ ಒಂದನ್ನು ಅದು ಕೊಡಲಾರದು: ಒಡೆಯನಿಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು ಕುರಿತು ಅಧಿಕಾರಪತ್ರ ಪಡೆದವನು ಅವನ ಬದಲಾಗಿ ಸಾಕ್ಷ್ಯ ನುಡಿಯಲಾರನೆಂದು ಸರ್ವೋಚ್ಚ ನ್ಯಾಯಾಲಯವು 2004ರ ಡಿಸೆಂಬರಿನಲ್ಲಿ, ಜಾನಕಿ ವಾಶ್ದೇವ್ ಭೋಜ್ವಾನಿಯವರ ಪ್ರಕರಣದಲ್ಲಿ ತೀರ್ಮಾನಿಸಿತು. ಮನೆಯನ್ನು ಕಳೆದುಕೊಳ್ಳಲು ಸಾಕಾಗುವಷ್ಟು ಅಧಿಕಾರ ಅದರಲ್ಲಿದೆ, ಉಳಿಸಿಕೊಳ್ಳಲು ಸಾಕಾಗುವಷ್ಟು ಇಲ್ಲ. ನೋಟೀಸು ಕೊಡಲು ಒಂದು, ದಾವೆ ಹೂಡಲು ಒಂದು ಎಂಬಂತೆ ಒಂದೊಂದು ಕೆಲಸಕ್ಕೆ ಮಾತ್ರ ಸೀಮಿತವಾದ ವಿಶೇಷ ಅಧಿಕಾರಪತ್ರವೇ ಸರಿಯಾದ ಮಾರ್ಗ. ಬಾಡಿಗೆ ಮಧ್ಯವರ್ತಿಯ ಖಾತೆಯ ಮೂಲಕ ಹಾದುಬರಲೇಕೂಡದು.

ಹಾದುಬಂದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ 'ಲೀಸ್' ಪದ್ಧತಿ ನಿದರ್ಶನ. ಬಾಡಿಗೆದಾರನು ಹಲವು ಲಕ್ಷಗಳನ್ನು ಒಮ್ಮೆಗೇ ಕೊಡುತ್ತಾನೆ, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ವಾಸಿಸುತ್ತಾನೆ, ಹೊರಡುವಾಗ ಇಡಿಯ ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಜನ ಇದನ್ನು ಭೋಗ್ಯವೆನ್ನುತ್ತಾರೆ. ನಿಜವಾದ ಭೋಗ್ಯವು ಅಡಮಾನದ ಒಂದು ಬಗೆಯಾಗಿದ್ದು ನೋಂದಣಿಯಿಲ್ಲದೆ ನಿಲ್ಲತಕ್ಕದ್ದಲ್ಲ, ಇದಾದರೋ ಬಹುಮಟ್ಟಿಗೆ ಬರಿಯ ಸ್ಟಾಂಪು ಕಾಗದದ ಮೇಲೆಯೇ ನಿಂತಿರುತ್ತದೆ. ವಂಚಕನಾದ ಮಧ್ಯವರ್ತಿ ದೂರದ ಮಾಲೀಕನಿಗೆ ತಿಂಗಳ ಬಾಡಿಗೆಯ ಮಾತು ಕೊಟ್ಟು ಬೀಗದ ಕೈ ಪಡೆಯುತ್ತಾನೆ. ಅದೇ ಮನೆಯನ್ನು ಇನ್ನೊಬ್ಬರಿಗೆ ಲೀಸಿಗೆ ಕೊಟ್ಟು ಲಕ್ಷಗಳನ್ನು ಪಡೆಯುತ್ತಾನೆ. ಆ ಲಕ್ಷಗಳಿಂದಲೇ ಕೆಲವು ತಿಂಗಳು ಮಾಲೀಕನಿಗೆ ಬಾಡಿಗೆಯನ್ನು ಕಳುಹಿಸುತ್ತಾನೆ. ಒಂದು ದಿನ ಅವನ ಕಚೇರಿಗೆ ಬೀಗ ಬೀಳುತ್ತದೆ. ಆಗ ಮಾಲೀಕನ ದೃಷ್ಟಿಯಲ್ಲಿ ಬಾಡಿಗೆದಾರ ಬಾಕಿದಾರ, ಬಾಡಿಗೆದಾರನ ದೃಷ್ಟಿಯಲ್ಲಿ ಮಾಲೀಕ ವಂಚಕನ ಪಾಲುದಾರ.

ನನಗೆ ತಿಂಗಳಿಗೆ 22,000 ರೂಪಾಯಿಯಂತೆ ಏಳು ತಿಂಗಳು ಬಂದಿತು, ಎಂಟನೆಯ ತಿಂಗಳು ನಿಂತಿತು. ಮಧ್ಯವರ್ತಿಯ ಫೋನು ಮೌನವಾಯಿತು. ಬಾಡಿಗೆದಾರರ ಮೇಲೆ ವಕೀಲರಿಂದ ಕಟುವಾದ ನೋಟೀಸು ಕೊಡಿಸಿದೆ. ಉತ್ತರ ಬಾರದಾಗ ರಜೆ ಹಾಕಿ ಬಂದು, ಇಳಿದ ದಿನವೇ ಕೋಪದಿಂದ ನನ್ನ ಮನೆಯ ಬಾಗಿಲನ್ನು ತಟ್ಟಿದೆ. ತೆರೆದವರು ನನ್ನ ವಯಸ್ಸಿನವರೇ.

"ಯಾರು ಬೇಕಾಗಿತ್ತು ಸಾರ್?"

"ನಾನು ಈ ಮನೆ ಓನರು."

"ಓನರು ಅವರಲ್ಲವಾ ಸಾರ್?" ಎಂದು ಅವರು ಹೇಳಿದ ಹೆಸರು ಮಧ್ಯವರ್ತಿಯದು.

ಒಳಗೆ ಕೂರಿಸಿ, ಹೆಂಡತಿಯಿಂದ ಬೀರುವಿನ ಕಾಗದಗಳನ್ನು ತರಿಸಿ ಮುಂದಿಟ್ಟರು. ಮಂಡ್ಯದ ಕಡೆಯ ಜಮೀನು ಮಾರಿ ಬಂದ ಹಣಕ್ಕೆ ಆಕೆಯ ಒಡವೆಯ ಹಣವನ್ನೂ ಸೇರಿಸಿ ಕೊಟ್ಟ 15 ಲಕ್ಷ ರೂಪಾಯಿಗೆ ರಸೀತಿ ಇದ್ದಿತು. ರಸೀತಿಯ ಹಿಂದೆ, ನನ್ನ ರುಜುವಿನೊಡನೆ, ನಾನು ಕಳುಹಿಸಿದ ಅಧಿಕಾರಪತ್ರದ ಜೆರಾಕ್ಸ್ ಪ್ರತಿ ಇದ್ದಿತು. ಅದನ್ನು ನಂಬಿಯೇ ಅವರು ಹಣ ಕೊಟ್ಟಿದ್ದರು. ನಾನು ಬರೆದುಕೊಟ್ಟ ಸಾಲುಗಳನ್ನು ಮೊದಲ ಬಾರಿಗೆ ಮನಸ್ಸಿಟ್ಟು ಓದಿದ್ದು ಆ ಹಾಲಿನಲ್ಲಿ ಕುಳಿತಾಗ.

ಮರುದಿನ ಇಬ್ಬರೂ ಕೂಡಿ ಠಾಣೆಗೆ ಹೋದೆವು. ಮಾಲೀಕ ಬಾಡಿಗೆದಾರರು ಒಟ್ಟಿಗೆ ಬಂದುದನ್ನು ಕಂಡು, ದೂರು ಯಾರ ಮೇಲೆ ಯಾರದು ಎಂದು ಅಲ್ಲಿನವರು ಎರಡು ಬಾರಿ ಕೇಳಿದರು. ಆಮೇಲೆ ನಮ್ಮಲ್ಲಿಯೇ ಒಂದು ಒಪ್ಪಂದವಾಯಿತು: ಅವರು ಹದಿನಾಲ್ಕು ತಿಂಗಳು ಬಾಡಿಗೆಯಿಲ್ಲದೆ ಇದ್ದು, ಮಗಳ ಪರೀಕ್ಷೆ ಮುಗಿದ ಮೇಲೆ ಖಾಲಿ ಮಾಡತಕ್ಕದ್ದು. ಅದಕ್ಕೆ ಕಾಗದ ಬರೆಸಲಿಲ್ಲ. ಹೊರಡುವ ದಿನ ಬೆಸ್ಕಾಂ ಬಿಲ್ಲನ್ನೂ ನೀರಿನ ಬಿಲ್ಲನ್ನೂ ಕಟ್ಟಿದ ರಸೀತಿಗಳನ್ನು ಬೀಗದ ಕೈಯೊಡನೆ ನನಗೆ ಒಪ್ಪಿಸಿದರು. ಮಧ್ಯವರ್ತಿಯ ಮೇಲಿನ ಮೊಕದ್ದಮೆ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಅವರು ಊರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಹೆಸರು ಕೂಗುವವರೆಗೆ ಇಬ್ಬರೂ ನ್ಯಾಯಾಲಯದ ಹೊರಗೆ ಒಂದೇ ಬೆಂಚಿನ ಮೇಲೆ ಕುಳಿತಿರುತ್ತೇವೆ.