ಶಾಪಾಶಯವೂ ಪರಿಸರಹತ್ಯೆಯ ಹೊಸ ಲಕ್ಷಣವೂ

ಶ್ರವಣಬೆಳ್ಗೊಳದ ಸಮೀಪದಲ್ಲಿರುವ ಜಿನನಾಥಪುರವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 12ನೆಯ ಶತಮಾನದಲ್ಲಿ ನೆಲೆಗೊಳಿಸಿದ ಊರು. ಅಲ್ಲಿಯ ಶಾಂತಿನಾಥ ಬಸದಿಯ ಶಿಲ್ಪವನ್ನು ವಿದ್ವಾಂಸರು ಬಹುವಾಗಿ ಕೊಂಡಾಡಿದ್ದಾರೆ. ಆದರೆ ಆ ಸೀಮೆಯಲ್ಲಿಯೂ ನಾಡಿನ ಇತರೆಡೆಗಳಲ್ಲಿಯೂ ದಾನಶಾಸನಗಳ ಕೊನೆಗೆ ಬರುವ ಶಾಪಾಶಯವನ್ನು ಕೇವಲ ರೂಢಿಯ ಮಾತೆಂದು ನಾವು ಬಿಟ್ಟುಬಿಡುವುದೇ ಹೆಚ್ಚು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವನ್ನು ಅದು ವಿಧಿಸುತ್ತದೆ. ಗಂಗರ ಕಾಲದ ಕೆಲವು ಶಾಸನಗಳು ಕೆರೆಯನ್ನೂ ಆರವೆಯನ್ನೂ, ಎಂದರೆ ತೋಪನ್ನೂ, ಅಳಿದ ಪಾತಕವನ್ನು ಅದರ ಜೊತೆಗೇ ಎಣಿಸುತ್ತವೆ.

ಇದನ್ನು ಇಂದಿನ ಅಂತರರಾಷ್ಟ್ರೀಯ ನ್ಯಾಯವಿಚಾರದೊಡನೆ ಇಟ್ಟು ನೋಡಬಹುದು. 1998ರ ರೋಮ್ ಶಾಸನವು ಪರಿಸರಕ್ಕೆ ಒದಗುವ ಘೋರ ಹಾನಿಯನ್ನು ಯುದ್ಧಾಪರಾಧವಾಗಿ ಮಾತ್ರ ಹೆಸರಿಸಿದೆ. 2021ರಲ್ಲಿ ಫಿಲಿಪ್ ಸ್ಯಾಂಡ್ಸ್ ಮತ್ತು ಡಿಯೊರ್ ಫಾಲ್ ಸೋ ಅವರ ಅಧ್ಯಕ್ಷತೆಯ ತಜ್ಞಮಂಡಲಿಯು ಶಾಂತಿಕಾಲಕ್ಕೂ ಅನ್ವಯಿಸುವ ಪರಿಸರಹತ್ಯೆಯ ಲಕ್ಷಣವೊಂದನ್ನು ರಚಿಸಿತು. ಈ ಅಪರಾಧವನ್ನು ರೋಮ್ ಶಾಸನಕ್ಕೆ ಸೇರಿಸಬೇಕೆಂದು 2024ರಲ್ಲಿ ವನುವಾಟು, ಫಿಜಿ, ಸಮೋವಾ ದೇಶಗಳು ಸೂಚಿಸಿದವು.

ಮಂಡಲಿಯ ಉದ್ದೇಶ ಶ್ಲಾಘ್ಯವೇ ಸರಿ. ಲಕ್ಷಣದಲ್ಲಿ ಮಾತ್ರ ಒಂದು ಬಿರುಕಿದೆ. ಅದರಂತೆ ಅಪರಾಧವಾಗಲು ಕೃತ್ಯವು ಕಾನೂನುಬಾಹಿರವಾಗಿರಬೇಕು, ಇಲ್ಲವೇ ವಿವೇಚನಾರಹಿತವಾಗಿರಬೇಕು. ವಿವೇಚನಾರಹಿತವೆಂದರೆ, ನಿರೀಕ್ಷಿತ ಸಾಮಾಜಿಕ ಹಾಗೂ ಆರ್ಥಿಕ ಲಾಭಕ್ಕಿಂತ ಸ್ಪಷ್ಟವಾಗಿ ಮಿಗಿಲಾದ ಹಾನಿಯನ್ನು ಲೆಕ್ಕಿಸದೆ ನಡೆಯುವುದು. 2011ರ ಲೋಕಾಯುಕ್ತ ವರದಿ ಬಯಲಿಗೆಳೆದ ಬಳ್ಳಾರಿಯ ಅಕ್ರಮ ಗಣಿಗಾರಿಕೆಯಂಥದು ಮೊದಲನೆಯ ವರ್ಗಕ್ಕೆ ಸೇರಬಹುದು. ಕುದುರೆಮುಖದ ಸಂಗತಿ ಬೇರೆ. ಅಲ್ಲಿ ಅದಿರು ತೆಗೆದದ್ದು ಸರ್ಕಾರದ್ದೇ ಸಂಸ್ಥೆ. ಭದ್ರೆಗೆ ಹೂಳು ಸೇರುವ ದೂರುಗಳಿದ್ದವು. ಗಣಿಯನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. 2005ರ ಕೊನೆಗೆ ಕೆಲಸ ನಿಂತಿತು. ಇಂಥ ಪ್ರಸಂಗಗಳಲ್ಲಿ ರಫ್ತಿನ ಹಣವನ್ನು ಒಂದು ತಟ್ಟೆಯಲ್ಲಿಟ್ಟರೆ, ಮತ್ತೊಂದರಲ್ಲಿ ಹೊಳೆಯನ್ನೂ ಶೋಲಾ ಕಾಡನ್ನೂ ಯಾವ ಬೆಲೆಗೆ ತೂಗಬೇಕು? ಲಾಭವನ್ನು ಮೊದಲೇ ಅಂದಾಜು ಮಾಡುವವನು ಅನುಮತಿ ಬೇಡುವವನೇ ಅಲ್ಲವೆ?

ಶಾಪಾಶಯವು ಅಳಿದವನ ಲಾಭವನ್ನು ತೂಗುವುದಿಲ್ಲ. ತನ್ನ ವಂಶದವನಾಗಲಿ ಪರವಂಶದವನಾಗಲಿ, ಮುಂದೆ ಆಳುವ ಅರಸನನ್ನೂ ಅದು ಬಿಡುವುದಿಲ್ಲ. ಅದು ಕಾಪಾಡಹೊರಟದ್ದು ದತ್ತಿಯನ್ನೇ ಹೊರತು ಪ್ರಕೃತಿಯನ್ನಲ್ಲವೆಂಬುದನ್ನೂ, ಅದನ್ನು ಜಾರಿಗೆ ತರಬಲ್ಲ ನ್ಯಾಯಸ್ಥಾನ ಪರಲೋಕದಲ್ಲಿ ಮಾತ್ರವಿತ್ತೆಂಬುದನ್ನೂ ನಾವು ಮರೆತಿಲ್ಲ. ಭಾರತವು ರೋಮ್ ಶಾಸನವನ್ನು ಒಪ್ಪಿಲ್ಲವಾದ್ದರಿಂದ ನಮ್ಮ ಮಟ್ಟಿಗೆ ಹೊಸ ಲಕ್ಷಣದ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಆದರೂ ಅಪರಾಧದ ಲಕ್ಷಣದೊಳಗೇ ಲಾಭದ ತಕ್ಕಡಿಯನ್ನು ತೂಗುಹಾಕುವುದು ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯ. ಕೆರೆಯನ್ನು ಅಳಿದದ್ದು ಪಾತಕವೆಂದು ಕಲ್ಲಿನಲ್ಲಿ ಬರೆಸಿದವರು, ಅದರಿಂದ ಎಷ್ಟು ಹೊನ್ನು ಬಂದಿತೆಂದು ಕೇಳಲಿಲ್ಲ.